ರಾಯಚೂರು ಸೀಮೆಯ ರೈಲು ಗೇಟು: ಘಂಟೆ, ದೀಪ ಮತ್ತು ಸವಕಳಿಯ ಚರಿತ್ರೆ

ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿನ ಚರಿತ್ರೆಯನ್ನು ಬರೆದ ವಿದ್ವಾಂಸರು ಕೋಟೆಗಳನ್ನೂ ಕದನಗಳನ್ನೂ ಒಪ್ಪಂದಗಳನ್ನೂ ಕುರಿತು ಸಾಕಷ್ಟು ಬರೆದಿದ್ದಾರೆ. ೧೫೨೦ರ ರಾಯಚೂರು ಯುದ್ಧವನ್ನು ಅರಿಯದ ವಿದ್ಯಾರ್ಥಿ ಇರಲಾರನು. ಆದರೆ ೧೮೭೧ರಲ್ಲಿ ಇದೇ ನೆಲವನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹೋದ ಕಬ್ಬಿಣದ ಹಾದಿಯನ್ನೂ, ಬಂಡಿಯ ಹಾದಿ ಅದನ್ನು ಅಡ್ಡಹಾಯುವಲ್ಲಿ ನೆಟ್ಟ ಗೇಟು, ಘಂಟೆ, ಕೆಂಪು ದೀಪಗಳನ್ನೂ ಚರಿತ್ರೆಗೆ ಯೋಗ್ಯವಾದ ವಸ್ತುವೆಂದು ನಾವು ಎಣಿಸಿದ್ದು ಕಡಮೆ. ಈ ಸಣ್ಣ ಉಪಕರಣಗಳು ಹೇಗೆ ಕೆಲಸಮಾಡುತ್ತಿದ್ದವು, ಹೇಗೆ ಸವೆಯುತ್ತಿದ್ದವು, ಸವೆದಾಗ ಏನನ್ನು ಹೇಳುತ್ತಿದ್ದವು ಎಂಬುದೇ ಪ್ರಸ್ತುತ ಲೇಖನದ ವಿಷಯ. ಯಂತ್ರಶಾಸ್ತ್ರವು ನಮ್ಮ ಕ್ಷೇತ್ರವಲ್ಲ. ಆದರೂ ಒಂದು ಸಂಕೇತವನ್ನು ಜನರು ಯಾವಾಗ ನಂಬಿದರು, ಯಾವಾಗ ನಂಬದೆ ಹೋದರು ಎಂಬ ಪ್ರಶ್ನೆ ಚರಿತ್ರಕಾರನದೇ ಸರಿ.

ಮೊದಲು ಸ್ಥಳದ ವಿಚಾರ. ೧೮೫೩ರ ಒಪ್ಪಂದದಂತೆ ನಿಜಾಮರಿಂದ ಬ್ರಿಟಿಷರ ಆಡಳಿತಕ್ಕೆ ಸಂದ ರಾಯಚೂರು ದೋಆಬವು ೧೮೬೦ರಲ್ಲಿ ಮತ್ತೆ ನಿಜಾಮರಿಗೆ ಮರಳಿತು. ಅದಾದ ಹನ್ನೊಂದು ವರ್ಷಗಳಿಗೆ ಮುಂಬಯಿಯಿಂದ ಸೊಲ್ಲಾಪುರದ ಮಾರ್ಗವಾಗಿ ಇಳಿದುಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪೆನಿಯ ಹಳಿಯೂ, ಮದರಾಸಿನಿಂದ ಕಡಪ ಗುಂತಕಲ್ಲುಗಳ ಮಾರ್ಗವಾಗಿ ಏರಿಬಂದ ಮದರಾಸ್ ರೈಲ್ವೆ ಕಂಪೆನಿಯ ಹಳಿಯೂ ರಾಯಚೂರಿನಲ್ಲಿ ಒಂದನ್ನೊಂದು ಕೂಡಿದವು. ಭಾರವಾದುದನ್ನು ಸಾಗಿಸುವ ವಿದ್ಯೆ ಈ ಊರಿಗೆ ಹೊಸತಾಗಿರಲಿಲ್ಲ. ೧೨೯೪ರ ಶಾಸನವನ್ನು ಹೊತ್ತ, ನಲವತ್ತು ಅಡಿಗೂ ಮಿಕ್ಕಿದ ಕೋಟೆಯ ಚಪ್ಪಡಿಯ ಮೇಲೆ ಅದನ್ನು ಬಂಡಿಯ ಮೇಲೇರಿಸಿ ಎಳೆದುತಂದ ಬಗೆಯನ್ನೇ ಚಿತ್ರವಾಗಿ ಕೆತ್ತಿದ್ದಾರೆ. ಅದಿರಲಿ.

ನಿಲ್ದಾಣವೂ ಹಳಿಯೂ ಕೋಟೆಯ ಊರಿಗೆ ಪಡುವಲಿನಲ್ಲಿ ಬಿದ್ದಿವೆ. ಮಾನ್ವಿಗೂ ದೇವದುರ್ಗಕ್ಕೂ ಹೋಗುವ ರಸ್ತೆಗಳು ಹೊರಡುವುದೂ ಪಡುವಲಿಗೇ. ಕಲ್ಮಲೆಯವರೆಗೆ ಒಂದೇ ಆಗಿ ಸಾಗಿ, ಅಲ್ಲಿಂದ ಒಂದು ಮಾನ್ವಿಗೂ ಇನ್ನೊಂದು ಗಬ್ಬೂರಿನ ಮೇಲೆ ದೇವದುರ್ಗಕ್ಕೂ ಕವಲೊಡೆಯುತ್ತವೆ. ಆದುದರಿಂದ ಈ ಎರಡು ತಾಲ್ಲೂಕುಗಳಿಂದ ಹತ್ತಿಯನ್ನೋ ಶೇಂಗಾವನ್ನೋ ಹೇರಿಕೊಂಡು ರಾಯಚೂರಿನ ಪೇಟೆಗೆ ಬರುವ ಬಂಡಿ ಹಳಿಯನ್ನು ದಾಟಲೇಬೇಕಾಗಿತ್ತು. ಗಮನಿಸತಕ್ಕ ಅಂಶವೊಂದಿದೆ. ಮಾನ್ವಿಗೂ ರೈಲು ನಿಲ್ದಾಣವಿರಲಿಲ್ಲ, ದೇವದುರ್ಗಕ್ಕೂ ಇರಲಿಲ್ಲ. ಹೀಗಾಗಿ ಅಲ್ಲಿನ ರೈತನಿಗೆ ರೈಲೆಂಬುದು ಹತ್ತುವ ವಾಹನವಾಗುವುದಕ್ಕೆ ಮೊದಲು ತನ್ನನ್ನು ತಡೆದು ನಿಲ್ಲಿಸುವ ವಸ್ತುವಾಗಿ ಪರಿಚಿತವಾಯಿತೆಂದು ಹೇಳಬಹುದು.

ಹಳಿಯ ಒಡೆತನ ಹಲವು ಸಲ ಬದಲಾಯಿತು. ದಕ್ಷಿಣದ ಭಾಗವು ೧೯೦೮ರಲ್ಲಿ ಮದರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಗೆ ಸೇರಿ, ೧೯೫೧ರಲ್ಲಿ ದಕ್ಷಿಣ ರೈಲ್ವೆಯ ಪಾಲಾಯಿತು. ಉತ್ತರದ ಭಾಗ ಅದೇ ವರ್ಷ ಮಧ್ಯ ರೈಲ್ವೆಗೆ ಹೋಯಿತು. ೧೯೬೬ರ ಅಕ್ಟೋಬರ್ ೨ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿತು. ೧೯೭೭ರಲ್ಲಿ ಗುಂತಕಲ್ ವಿಭಾಗವು ಅದಕ್ಕೆ ಸೇರಿ, ಸೊಲ್ಲಾಪುರ ವಿಭಾಗವು ಮಧ್ಯ ರೈಲ್ವೆಗೆ ಮರಳಿತು. ಒಡೆತನದ ಈ ಗಡಿ ಗೇಟಿನ ಮುಂದೆ ನಿಂತ ಬಂಡಿಯವನಿಗೆ ತಿಳಿಯುತ್ತಲೂ ಇರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಇನ್ನು ಉಪಕರಣಗಳ ವಿಚಾರ. ಕನ್ನಡದಲ್ಲಿ ಕೈಮರವೆಂಬ ಒಳ್ಳೆಯ ಮಾತಿದೆ. ಎತ್ತರದ ಕಂಬ, ಅದರ ತುದಿಯಲ್ಲಿ ಚಾಚಿದ ಒಂದು ಕೈ. ಕೈ ನೆಟ್ಟಗೆ ಚಾಚಿದ್ದರೆ ನಿಲ್ಲಬೇಕು, ಇಳಿದಿದ್ದರೆ ಹೋಗಬಹುದು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಹಟನ್ ಗ್ರೆಗರಿ ಎಂಬ ಎಂಜಿನಿಯರನು ೧೮೪೧ರ ಸುಮಾರಿಗೆ ರೈಲಿಗೆ ಅಳವಡಿಸಿದ ಈ ಉಪಾಯವು ಭರತಖಂಡದ ಹಳಿಗಳಲ್ಲಿ ಬಹುಕಾಲ ಉಳಿಯಿತು. ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿಗೂ ಬೈಕಲಾಕ್ಕೂ ನಡುವೆ ೧೯೨೮ರಲ್ಲಿ ವಿದ್ಯುತ್ತಿನ ಬಣ್ಣದೀಪಗಳು ಬಂದ ಮೇಲೆಯೂ ಒಳನಾಡಿನಲ್ಲಿ ಕೈಮರವು ದಶಕಗಳ ಕಾಲ ಚಾಚುತ್ತ ಇಳಿಯುತ್ತ ಇದ್ದಿತು.

ಈ ಕೈಯನ್ನು ಆಡಿಸುತ್ತಿದ್ದುದು ನಿಲ್ದಾಣದ ಸನ್ನೆಗೋಲಿನಿಂದ ಹೊರಟು, ಚಿಕ್ಕ ರಾಟೆಗಳ ಮೇಲೆ ನೂರಾರು ಗಜ ಓಡುವ ಉಕ್ಕಿನ ತಂತಿ. ರಾಯಚೂರಿನ ಬಿಸಿಲನ್ನು ಕಂಡವರಿಗೆ ಇದರ ಕಷ್ಟ ಒಡನೆಯೇ ಹೊಳೆಯುತ್ತದೆ. ಒಂದು ಕಿಲೋಮೀಟರು ಉದ್ದದ ಉಕ್ಕಿನ ತಂತಿಯ ಕಾವು ಇಪ್ಪತ್ತು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದರೆ ಅದರ ಉದ್ದವು ಸುಮಾರು ೨೪ ಸೆಂಟಿಮೀಟರು ಹೆಚ್ಚುತ್ತದೆ. ಮುಂಜಾನೆ ಬಿಗಿಯಾಗಿದ್ದ ತಂತಿ ಮಧ್ಯಾಹ್ನಕ್ಕೆ ಸಡಿಲವಾಗುವುದು. ಸಡಿಲವಾದ ತಂತಿಯನ್ನು ಎಳೆದರೆ ಕೈ ಪೂರ್ತಿಯಾಗಿ ಇಳಿಯದೆ ಅರ್ಧಕ್ಕೆ ನಿಲ್ಲುವುದು. ಮುಂಜಾನೆಯ ತಂಪಿನಲ್ಲಿಯಾದರೋ ಇದಕ್ಕೆ ವಿರುದ್ಧವಾಗಿ, ಹಿಂದಿನ ಮಧ್ಯಾಹ್ನ ಬಿಗಿಮಾಡಿದ ತಂತಿ ಕುಗ್ಗಿ, ಯಾರೂ ಎಳೆಯದೆಯೇ ಕೈಯನ್ನು ತುಸು ಬಾಗಿಸಬಹುದು. ಆದುದರಿಂದ ಬಿಗಿಯನ್ನು ಹೊಂದಿಸುವ ತಿರುಪನ್ನು ಹೊತ್ತುಹೊತ್ತಿಗೆ ತಿರುಗಿಸುವುದು ಸಿಗ್ನಲಿನವನ ನಿತ್ಯಕರ್ಮವಾಗಿತ್ತು. ಇದಲ್ಲದೆ ನಮ್ಮ ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರುಕುಬಿಡುವ ಸ್ವಭಾವದ್ದು. ಇಂತಹ ನೆಲದಲ್ಲಿ ನೆಟ್ಟ ಕಂಬವು ಇಂದು ನೆಟ್ಟಗಿದ್ದರೆ ಬರುವ ವರ್ಷವೂ ನೆಟ್ಟಗಿರುವುದೆಂದು ಹೇಳಬರುವಂತಿಲ್ಲ.

ಅರ್ಧ ಇಳಿದ ಕೈಯ ಅರ್ಥವೇನು? ಸರಿಯಾಗಿ ಕಾಣಿಸದ ಸಂಕೇತವನ್ನು ಅದು ಹೇಳಬಹುದಾದುದರಲ್ಲಿ ಅತ್ಯಂತ ಕಠಿನವಾದುದನ್ನು ಹೇಳಿತೆಂದೇ ತಿಳಿಯಬೇಕೆಂಬುದು ರೈಲ್ವೆಯ ನಿಯಮ. ಸಂದೇಹ ಬಂದರೆ ನಿಲ್ಲು. ಈ ನಿಯಮದ ಹಿಂದೆ ಕಹಿ ಅನುಭವವಿದೆ. ೧೮೭೬ರ ಜನವರಿ ೨೧ರಂದು ಇಂಗ್ಲೆಂಡಿನ ಅಬಟ್ಸ್ ರಿಪ್ಟನ್ ಎಂಬಲ್ಲಿ ಸಿಗ್ನಲಿನವನು ಸನ್ನೆಗೋಲನ್ನು ಅಪಾಯದ ಕಡೆಗೆ ತಿರುಗಿಸಿದರೂ ಕೈಯು ಹಿಮದಲ್ಲಿ ಸಿಕ್ಕಿ ಹೋಗಬಹುದೆಂಬ ಸ್ಥಿತಿಯಲ್ಲಿಯೇ ಉಳಿಯಿತು. ರೈಲುಗಳು ಡಿಕ್ಕಿಹೊಡೆದು ಜನರು ಸತ್ತರು. ಅಲ್ಲಿಂದ ಮುಂದೆ ಕೈಮರದ ಸಹಜಸ್ಥಿತಿ ಅಪಾಯವೇ ಆಗಿರತಕ್ಕದ್ದೆಂಬ ತತ್ತ್ವ ಬೇರೂರಿತು. ತಂತಿ ಕಡಿದರೆ ಎದುರುಭಾರವು ಕೈಯನ್ನು ತಾನಾಗಿಯೇ ನಿಲುಗಡೆಯ ಸ್ಥಿತಿಗೆ ಒಯ್ಯಬೇಕು. ಉಪಕರಣವು ಸವೆಯುತ್ತದೆಂಬುದನ್ನು ಮೊದಲೇ ಒಪ್ಪಿಕೊಂಡು, ಸವೆದಾಗ ಅದು ಸುಳ್ಳು ಹೇಳುವುದಾದರೆ ಒಂದೇ ದಿಕ್ಕಿನ ಸುಳ್ಳನ್ನು ಹೇಳಲೆಂದು ಎಂಜಿನಿಯರುಗಳು ಕಟ್ಟುಮಾಡಿದರು. ನಮ್ಮ ಅಭಿಪ್ರಾಯದಲ್ಲಿ ಇದು ಹತ್ತೊಂಬತ್ತನೆಯ ಶತಮಾನದ ದೊಡ್ಡ ಆಲೋಚನೆಗಳಲ್ಲಿ ಒಂದು.

ದೀಪದ ಕತೆಯೂ ಇದೇ ಬಗೆಯದು. ರೈಲ್ವೆಯ ಆರಂಭದ ದಶಕಗಳಲ್ಲಿ ಕೆಂಪು ಅಪಾಯಕ್ಕೂ ಹಸುರು ಎಚ್ಚರಿಕೆಗೂ ಬಿಳಿ ನಿರ್ಬಾಧಕ್ಕೂ ಸಲ್ಲುತ್ತಿದ್ದವು. ಇದರಲ್ಲಿನ ದೋಷ ಸ್ಪಷ್ಟ. ಕೆಂಪು ಗಾಜು ಒಡೆದು ಬಿದ್ದರೆ ಉಳಿಯುವುದು ಬಿಳಿಯ ಬೆಳಕು. ಅಪಾಯವೆನ್ನಬೇಕಾದ ದೀಪವು ಹೋಗೆನ್ನುವುದು. ಆ ಶತಮಾನದ ಕೊನೆಯ ಹೊತ್ತಿಗೆ ಬ್ರಿಟನ್ನಿನಲ್ಲಿ ಬಿಳಿಯನ್ನು ಕೈಬಿಟ್ಟು ನಿರ್ಬಾಧಕ್ಕೆ ಹಸುರನ್ನು ಗೊತ್ತುಮಾಡಿದರು. ಆ ಹಸುರು ಗಾಜನ್ನು ಹಗಲಿನಲ್ಲಿ ಕೈಗೆ ತೆಗೆದುಕೊಂಡು ನೋಡಿದವರು ಅದು ನೀಲಿಯೆಂದೇ ಹೇಳಿಯಾರು. ಸೀಮೆಎಣ್ಣೆಯ ಜ್ವಾಲೆ ಹಳದಿ. ಅದರ ಮುಂದೆ ನೀಲಿ ಛಾಯೆಯ ಗಾಜನ್ನು ಹಿಡಿದರೆ ದೂರದಿಂದ ಹಸುರಾಗಿ ಕಾಣುತ್ತದೆ. ಬತ್ತಿಯನ್ನು ಸರಿಯಾಗಿ ಕತ್ತರಿಸದೆ ಮಸಿ ಕಟ್ಟಿದರೆ ಬಣ್ಣವೂ ಮಂಕಾಗುತ್ತದೆ. ಕೈಮರದ ದೀಪದ ಹಿಂಬದಿಯಲ್ಲಿ ಒಂದು ಚಿಕ್ಕ ಕಂಡಿಯಿರುತ್ತಿತ್ತು. ಕೈ ಚಾಚಿದ್ದಾಗ ಆ ಕಂಡಿಯ ಬೆಳಕು ನಿಲ್ದಾಣದವರಿಗೆ ಕಾಣುವುದು. ಕೈ ಇಳಿದಾಗ ಮುಚ್ಚುವುದು. ದೂರದ ದೀಪವು ಉರಿಯುತ್ತಿದೆಯೋ ಇಲ್ಲವೋ ಎಂಬುದನ್ನು ಕಂಬದ ಬಳಿಗೆ ನಡೆಯದೆ ತಿಳಿಯುವ ಉಪಾಯವಿದು. ದೀಪ ಸರಿಯಿದ್ದರೂ ಕಣ್ಣು ಸರಿಯಿರಬೇಕಷ್ಟೆ. ೧೮೭೫ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾದಲ್ಲಿ ನಡೆದ ಅಪಘಾತಕ್ಕೆ ಬಣ್ಣಗುರುಡೇ ಕಾರಣವಿರಬಹುದೆಂದು ಶಂಕಿಸಿದ ಹೋಲ್ಮ್‌ಗ್ರೆನ್ ಎಂಬ ಶರೀರಶಾಸ್ತ್ರಜ್ಞನು ಬಣ್ಣದ ಉಣ್ಣೆಯ ಎಳೆಗಳನ್ನು ಆರಿಸಿಕೊಡುವ ಪರೀಕ್ಷೆಯನ್ನು ರೈಲು ನೌಕರರಿಗೆ ಏರ್ಪಡಿಸಿದನು. ಶಂಕೆಗೆ ಆಧಾರವೆಷ್ಟೆಂಬುದನ್ನು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಪರೀಕ್ಷೆಯಂತೂ ಜಗತ್ತಿನಲ್ಲೆಲ್ಲ ಹಬ್ಬಿತು.

ಘಂಟೆಗಳಲ್ಲಿ ಎರಡು ಬಗೆ. ಒಂದು ಸ್ವರದ್ದಲ್ಲ, ಎಣಿಕೆಯದು. ಎರಡು ನಿಲ್ದಾಣಗಳ ನಡುವಣ ಬ್ಲಾಕ್ ಯಂತ್ರದ ಘಂಟೆ ಒಮ್ಮೆ ಹೊಡೆದರೆ ಗಮನವಿಡಿರೆಂದೂ, ಎರಡು ಸಲ ಹೊಡೆದರೆ ದಾರಿ ತೆರವಾಗಿದೆಯೇ ಎಂದೂ, ಮೂರಾದರೆ ಗಾಡಿ ಹೊರಟಿತೆಂದೂ, ಆರಾದರೆ ಹಳಿಯಲ್ಲಿ ಅಡ್ಡಿಯಿದೆ, ಅಪಾಯವೆಂದೂ ಅರ್ಥ. ಇಲ್ಲಿ ಬ್ಯಾಟರಿ ಸೊರಗಿ ಒಂದು ಹೊಡೆತ ತಪ್ಪಿದರೆ ಅರ್ಥವೇ ಬದಲಾಗುತ್ತದೆ. ಆದಕಾರಣ ಕೇಳಿದವನು ಕೇಳಿದಷ್ಟೇ ಹೊಡೆತಗಳನ್ನು ಹಿಂದಿರುಗಿ ಹೊಡೆದು ಒಪ್ಪಿಸಬೇಕು. ಪಾಠವನ್ನು ಗುರುವಿಗೆ ಮರಳಿ ಒಪ್ಪಿಸುವ ನಮ್ಮ ಹಳೆಯ ಮಠದ ಪದ್ಧತಿಗೆ ಇದು ಹತ್ತಿರವಾದುದು.

ಇನ್ನೊಂದು ಬಗೆ ಗೇಟಿನ ಬಳಿ ಎಡೆಬಿಡದೆ ಬಡಿದುಕೊಳ್ಳುವ ವಿದ್ಯುತ್ ಘಂಟೆ. ಅಯಸ್ಕಾಂತವು ಸುತ್ತಿಗೆಯನ್ನು ಸೆಳೆಯುತ್ತದೆ; ಸೆಳೆದೊಡನೆ ಸ್ಪರ್ಶಬಿಂದು ಬಿಟ್ಟು ವಿದ್ಯುತ್ತು ನಿಲ್ಲುತ್ತದೆ; ನಿಂತೊಡನೆ ಸುತ್ತಿಗೆ ಹಿಂದಿರುಗಿ ಮತ್ತೆ ಸ್ಪರ್ಶಿಸುತ್ತದೆ. ಪ್ರತಿಯೊಂದು ಸ್ಪರ್ಶದಲ್ಲಿಯೂ ಕಿಡಿಯೊಂದು ಹಾರಿ ಲೋಹದ ಬಿಂದುವಿನಲ್ಲಿ ಸೂಕ್ಷ್ಮವಾದ ಕುಳಿಯನ್ನು ಕೊರೆಯುತ್ತದೆ. ಅಂದರೆ ಘಂಟೆಯು ಬಾರಿಸುವುದರಿಂದಲೇ ಸವೆಯುತ್ತದೆ. ಕುಳಿ ಬಿದ್ದ ಬಿಂದುವಿನಲ್ಲಿ ಧೂಳು ಕೂತರೆ ಘಂಟೆ ತಡವರಿಸುವುದು. ಬ್ಯಾಟರಿ ಇಳಿದರೆ ನಿಧಾನವಾಗುವುದು. ಬಟ್ಟಲು ಬಿರಿದರೆ ಅಥವಾ ಅದರ ತಿರುಪು ಸಡಿಲಾದರೆ ನಾದ ಹೋಗಿ ಬೋಗುಣಿಯನ್ನು ಬಡಿದಂತಾಗುವುದು. ಗೇಟಿನ ಹತ್ತಿರ ವಾಸಮಾಡುವವರು ನೋಡದೆಯೇ ಇದು ಯಾವ ಗೇಟಿನ ಘಂಟೆಯೆಂದು ಹೇಳಬಲ್ಲವರಾಗಿರುವುದು ಈ ಸವಕಳಿಯ ಭೇದದಿಂದಲೇ.

ಇಲ್ಲಿಗೆ ನಮ್ಮ ಮುಖ್ಯವಾದ ಮಾತಿಗೆ ಬರುತ್ತೇವೆ. ಸವೆದ ಉಪಕರಣವು ಅಪಾಯವನ್ನೇ ಸಾರಲೆಂಬ ತತ್ತ್ವ ಹಳಿಯ ಮೇಲೆ ಹೋಗುವವನಿಗೆ ಸರಿಯಾಗಿ ಹೊಂದಿತು. ಆದರೆ ಅದೇ ತತ್ತ್ವ ಹಳಿಯನ್ನು ದಾಟುವವನಿಗೆ ಹೊಂದಲಿಲ್ಲ.

ಚಾಲಕನಿಗೆ ನಿಯಮವಿದೆ, ಸಂಬಳವಿದೆ, ಶಿಕ್ಷೆಯಿದೆ. ಗೇಟಿನ ಸಿಗ್ನಲು ಸುಳ್ಳಾಗಿ ಕೆಂಪಾದರೂ ಅವನು ನಿಲ್ಲುವನು. ಮಾಡಬೇಕಾದುದನ್ನೂ ಪುಸ್ತಕವೇ ಹೇಳಿದೆ. ಸಿಳ್ಳೆ ಹಾಕಿ, ಹಗಲಾದರೆ ಒಂದು ನಿಮಿಷ, ಇರುಳಾದರೆ ಎರಡು ನಿಮಿಷ ಕಾದು, ಗೇಟಿನವರೆಗೆ ಎಚ್ಚರದಿಂದ ಸಾಗಿ, ಗೇಟ್‌ಮನ್ ಕೈಸಂಜ್ಞೆ ತೋರಿದರೆ ಮುಂದುವರಿಯಬೇಕು. ಸಂಕೇತದ ಸುಳ್ಳಿಗೂ ಇಲ್ಲಿ ಒಂದು ಶಿಸ್ತಿದೆ. ರಸ್ತೆಯವನಿಗೆ ಇಂತಹ ಪುಸ್ತಕವಿಲ್ಲ. ಗಾಡಿಯಿಲ್ಲದಿರುವಾಗ ಘಂಟೆ ಬಾರಿಸುತ್ತಲೇ ಇದ್ದರೆ ಅವನು ಎಷ್ಟು ನಿಮಿಷ ಕಾಯಬೇಕು? ಯಾರನ್ನು ಕೇಳಬೇಕು? ಮೂರು ಸಲ ಕಾದು ಗಾಡಿ ಬಾರದಿರುವುದನ್ನು ಕಂಡವನು ನಾಲ್ಕನೆಯ ಸಲ ಘಂಟೆಯನ್ನು ಕೇಳುವುದೇ ಇಲ್ಲ.

ಅಮೆರಿಕದ ಅನುಭವ ಇದನ್ನು ಚೆನ್ನಾಗಿ ತೋರಿಸುತ್ತದೆ. ೧೮೭೨ರಲ್ಲಿ ವಿಲಿಯಂ ರಾಬಿನ್ಸನ್ ಎಂಬವನು ಹಳಿಯಲ್ಲಿಯೇ ಸದಾ ಮಂದವಾದ ವಿದ್ಯುತ್ತನ್ನು ಹರಿಸಿ, ಗಾಡಿಯ ಗಾಲಿಗಳು ಅದನ್ನು ಅಡ್ಡದಾರಿಗೆ ತಿರುಗಿಸಿದಾಗ ಸಂಕೇತ ಹೊರಡುವಂತೆ ಮಾಡಿದನು. ಹಳಿ ಮುರಿದರೂ ತಂತಿ ಹರಿದರೂ ಬ್ಯಾಟರಿ ಸತ್ತರೂ ಅದೇ ಸಂಕೇತ ಬರುವುದು. ಹಳಿಯವರಿಗೆ ಇದು ವರವಾಯಿತು. ಅದೇ ಉಪಾಯದಿಂದ ಕಾವಲಿಲ್ಲದ ಅಡ್ಡದಾರಿಗಳಲ್ಲಿ ತಾನಾಗಿ ಬಾರಿಸುವ ಘಂಟೆಗಳನ್ನು ಇಟ್ಟಾಗಲಾದರೋ, ಉಪಕರಣದ ಒಂದೊಂದು ರೋಗವೂ ರಸ್ತೆಯವನ ಕಿವಿಗೆ ಬರಲಿರುವ ಗಾಡಿಯಾಗಿಯೇ ಕೇಳಿಸಿತು. ನಮ್ಮ ದೇಶದಲ್ಲಿ ಈ ಪದ್ಧತಿ ಬೇರೂರಲಿಲ್ಲ. ಇಲ್ಲಿ ಘಂಟೆಗೂ ಬಂಡಿಯವನಿಗೂ ನಡುವೆ ಗೇಟ್‌ಮನ್ ಎಂಬ ಮನುಷ್ಯನೊಬ್ಬ ನಿಂತನು. ಎರಡು ದೀಪ, ಕೆಂಪು ಹಸುರು ಬಾವುಟಗಳು, ಹಳಿಗೆ ಕಟ್ಟುವ ಕೆಲವು ಸ್ಫೋಟಕ ಬಿಲ್ಲೆಗಳು, ಒಂದು ಗುಡಿಸಲಿನಂತಹ ಮನೆ, ಇಷ್ಟು ಅವನ ಆಸ್ತಿ. ಘಂಟೆ ಕೆಟ್ಟಾಗ, ಇಲ್ಲ, ಈಗ ಗಾಡಿಯಿಲ್ಲವೆಂದು ಬಾಯಿಬಿಟ್ಟು ಹೇಳಬಲ್ಲವನು ಅವನೊಬ್ಬನೇ. ಈ ದೃಷ್ಟಿಯಿಂದ ಅವನನ್ನು ಬರಿಯ ಕಾವಲುಗಾರನೆಂದು ಕರೆಯುವುದು ಅನ್ಯಾಯ.

ನಾವು ವಿದ್ಯಾರ್ಥಿಗಳಾಗಿದ್ದ ಕಾಲದಲ್ಲಿ ಮಾನ್ವಿಯ ಕಡೆಯ ಬಂಧುಗಳ ಮನೆಗೆ ಹೋಗಿಬರುತ್ತ ದಾಟುತ್ತಿದ್ದ ಗೇಟೊಂದರ ನೆನಪನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಅದು ಯಾವ ಗೇಟೆಂಬುದು ಅನಾವಶ್ಯಕ. ಅದರ ಘಂಟೆ ಗಾಡಿ ಹೋದ ಮೇಲೆಯೂ ಕೆಲಹೊತ್ತು ಬಾರಿಸುತ್ತಲೇ ಇರುತ್ತಿತ್ತು. ಬಸ್ಸಿನಲ್ಲಿದ್ದ ಹಿರಿಯರೊಬ್ಬರು, ಘಂಟಿಗೆ ಮರವು ಹತ್ಯದ ಎಂದರು. ಮೋಟಾರು ಸೈಕಲಿನವರು ಅಷ್ಟರಲ್ಲಿಯೇ ತೊಲೆಯ ಕೆಳಗೆ ನುಸುಳಿ ಹೋಗಿದ್ದರು. ನಾವೂ ನಕ್ಕೆವು. ಎರಡು ಹಳಿಗಳಿರುವ ಕಡೆ ಘಂಟೆ ನಿಲ್ಲದಿರುವುದಕ್ಕೆ ಎದುರಿನಿಂದ ಬರುವ ಇನ್ನೊಂದು ಗಾಡಿಯೂ ಕಾರಣವಾಗಿರಬಹುದೆಂಬುದು ಆಗ ನಮಗೆ ಹೊಳೆದಿರಲಿಲ್ಲ. ಸಂಜೆಯ ಹೊತ್ತು ಇನ್ನೊಂದು ತೊಡಕು. ಇಲ್ಲಿ ಹಳಿ ಉತ್ತರ ದಕ್ಷಿಣವಾದುದರಿಂದ ಚಾಲಕನ ಕಣ್ಣಿಗೆ ಇಳಿಬಿಸಿಲು ನೇರವಾಗಿ ಬಡಿಯುವುದಿಲ್ಲ. ಪಡುವಲಿಗೆ ಹೊರಟ ರಸ್ತೆಯವನಿಗಾದರೋ ಗೇಟಿನ ಕೆಂಪು ಬಿಲ್ಲೆಯೂ ಮುಳುಗುವ ಸೂರ್ಯನೂ ಒಂದೇ ನೇರದಲ್ಲಿ ಬರುತ್ತವೆ.

ಕಾನೂನು ಈ ಭೇದವನ್ನು ತಡವಾಗಿ, ಅದೂ ಒಂದು ಪಕ್ಕದಿಂದ ಕಂಡಿತು. ಬೇಲಿ ಗೇಟುಗಳ ಏರ್ಪಾಡನ್ನು ೧೮೯೦ರ ರೈಲ್ವೆ ಕಾಯಿದೆಯು ಕಂಪೆನಿಗಳ ಹೊಣೆಗೆ ತಂದಿತು. ನೂರು ವರ್ಷಗಳ ಅನಂತರ ಬಂದ ಕಾಯಿದೆಗಳಲ್ಲಿ ಭಾರವು ರಸ್ತೆಯವನ ಕಡೆಗೂ ವಾಲಿತು. ೧೯೮೮ರ ಮೋಟಾರು ವಾಹನ ಕಾಯಿದೆಯ ೧೩೧ನೆಯ ಕಲಮಿನಂತೆ, ಕಾವಲಿಲ್ಲದ ಗೇಟಿನಲ್ಲಿ ಚಾಲಕನು ವಾಹನವನ್ನು ನಿಲ್ಲಿಸಬೇಕು. ಕಂಡಕ್ಟರನೋ ಕ್ಲೀನರನೋ ಹಳಿಯವರೆಗೆ ನಡೆದುಹೋಗಿ ಎರಡೂ ಕಡೆ ನೋಡಿ ದಾಟಿಸಬೇಕು. ೧೯೮೯ರ ರೈಲ್ವೆ ಕಾಯಿದೆಯ ೧೬೦ನೆಯ ಕಲಮು ಮುಚ್ಚಿದ ಗೇಟನ್ನು ತೆರೆದವನಿಗೆ ಮೂರು ವರ್ಷಗಳವರೆಗೆ, ಮುರಿದವನಿಗೆ ಐದು ವರ್ಷಗಳವರೆಗೆ ಸೆರೆಯನ್ನು ವಿಧಿಸಿತು. ೧೬೧ನೆಯ ಕಲಮು ಕಾವಲಿಲ್ಲದ ಗೇಟನ್ನು ಅಜಾಗರೂಕತೆಯಿಂದ ದಾಟಿದವನಿಗೆ ಒಂದು ವರ್ಷದವರೆಗೆ. ನುಸುಳುವವನಿಗೆ ಶಿಕ್ಷೆ ಬೇಡವೆಂದು ನಾವು ಹೇಳುವವರಲ್ಲ. ಆದರೆ ಅಪನಂಬಿಕೆಯನ್ನು ಕಲಿಸಿದ ಘಂಟೆಯ ವಿಚಾರ ಈ ಕಲಮುಗಳಲ್ಲಿ ಬರುವುದಿಲ್ಲ.

ನಿಜವಾದ ಪರಿಹಾರ ಗೇಟನ್ನೂ ಸಿಗ್ನಲನ್ನೂ ಒಂದಕ್ಕೊಂದು ಕಟ್ಟಿಹಾಕಿದುದು. ಹಳದಿ ಬಿಲ್ಲೆಯ ಮೇಲೆ ಕಪ್ಪು ಅಕ್ಷರವಿರುವ ಗೇಟು ಸಿಗ್ನಲುಗಳನ್ನು ರೈಲಿನಲ್ಲಿ ಹೋಗುವವರು ಕಂಡಿರಬಹುದು. ತೊಲೆ ಬಿದ್ದು ಬೀಗವಾಗುವವರೆಗೆ ಆ ಸಿಗ್ನಲು ಹಸುರಾಗದು. ಹಸುರಾದ ಮೇಲೆ ತೊಲೆ ಏಳದು. ಇದರಿಂದ ಮನುಷ್ಯನ ಮರವಿನ ಅಪಾಯ ಬಹುಮಟ್ಟಿಗೆ ತಪ್ಪಿತು. ಕಾಯುವ ಹೊತ್ತು ಮಾತ್ರ ಹೆಚ್ಚಿತು. ೧೯೮೫ರಲ್ಲಿ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಆರಂಭವಾಗಿ ಕಲ್ಲಿದ್ದಲಿನ ಉದ್ದುದ್ದ ಗಾಡಿಗಳು ಬರತೊಡಗಿದ ಮೇಲೆ ಈ ಭಾಗದಲ್ಲಿ ಗೇಟಿನ ಮುಂದಣ ಕಾಯುವಿಕೆ ಎಲ್ಲರ ಅನುಭವವಾಯಿತು.

ಕಟ್ಟಿಹಾಕದ ಗೇಟುಗಳೂ ಕಾವಲೇ ಇಲ್ಲದ ಗೇಟುಗಳೂ ದೇಶದಲ್ಲಿ ಬಹಳ ಕಾಲ ಉಳಿದವು. ಐದು ವರ್ಷಗಳಲ್ಲಿ ಅಡ್ಡದಾರಿಗಳನ್ನೆಲ್ಲ ತೆಗೆದುಹಾಕಬೇಕೆಂದು ಕಾಕೋಡ್ಕರ್ ಸಮಿತಿ ೨೦೧೨ರಲ್ಲಿ ಸೂಚಿಸಿತು. ೨೦೧೪ರ ಜುಲೈನಲ್ಲಿ ನೆರೆಯ ತೆಲಂಗಾಣದ ಮಾಸಾಯಿಪೇಟೆಯಲ್ಲಿ ಕಾವಲಿಲ್ಲದ ಗೇಟನ್ನು ದಾಟುತ್ತಿದ್ದ ಶಾಲೆಯ ಬಸ್ಸಿಗೆ ರೈಲು ಬಡಿದು ಹತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ೨೦೧೮ರ ಏಪ್ರಿಲ್ ೨೬ರಂದು ಉತ್ತರಪ್ರದೇಶದ ಕುಶಿನಗರದಲ್ಲಿ ಅದೇ ಬಗೆಯಾಗಿ ಹದಿಮೂರು ಮಕ್ಕಳು. ೨೦೧೯ರ ಜನವರಿಯ ಹೊತ್ತಿಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನೆಲ್ಲ ಮುಗಿಸಿದರು. ೨೦೨೫ರ ಜುಲೈ ೮ರಂದು ತಮಿಳುನಾಡಿನ ಕಡಲೂರಿನ ಬಳಿ ಶಾಲೆಯ ವಾಹನಕ್ಕೆ ರೈಲು ಬಡಿದ ಗೇಟಿನಲ್ಲಿ ಕಾವಲಿತ್ತು. ಆದರೆ ಗೇಟಿಗೂ ಸಿಗ್ನಲಿಗೂ ಕಟ್ಟು ಇರಲಿಲ್ಲ.

ಇನ್ನು ಮಾನ್ವಿಯ ಮಾತು. ೧೯೯೭-೯೮ರಲ್ಲಿ ಮಂಜೂರಾದ ಗಿಣಿಗೇರಾ-ಮಹಬೂಬನಗರ ಮಾರ್ಗವು ಗಂಗಾವತಿ ಕಾರಟಗಿಗಳನ್ನು ಹಾಯ್ದು ೨೦೨೪ರಲ್ಲಿ ಸಿಂಧನೂರನ್ನು ಮುಟ್ಟಿತು. ಅಲ್ಲಿಂದ ಅದು ಮಾನ್ವಿಯ ಮೇಲೆ ರಾಯಚೂರನ್ನು ಸೇರತಕ್ಕದ್ದು. ನೂರೈವತ್ತು ವರ್ಷಗಳ ಕಾಲ ರೈಲನ್ನು ಗೇಟಿನ ಮುಂದೆ ನಿಂತು ನೋಡಿದ ತಾಲ್ಲೂಕಿಗೆ ಅದರಿಂದ ನಿಲ್ದಾಣ ದೊರೆಯುವುದು. ವಿಶೇಷವೆಂದರೆ ಈಚಿನ ಹೊಸ ಮಾರ್ಗಗಳಲ್ಲಿ ಗೇಟುಗಳನ್ನು ಇಡುವುದಿಲ್ಲ. ರಸ್ತೆಯನ್ನು ಮೇಲುಸೇತುವೆಯಿಂದಲೋ ಕೆಳಸೇತುವೆಯಿಂದಲೋ ದಾಟಿಸುತ್ತಾರೆ. ಗೇಟನ್ನು ಕಾಣದೆಯೇ ಮಾನ್ವಿಯು ರೈಲನ್ನು ಕಾಣಲಿದೆ. ದೇವದುರ್ಗದ ರಸ್ತೆ ಎಂದಿನಂತೆ ಗಬ್ಬೂರು ಕಲ್ಮಲೆಗಳ ಮೇಲೆಯೇ ಬರಬೇಕು.

ಎರೆಭೂಮಿಯಲ್ಲಿ ತೋಡಿದ ಕೆಳಸೇತುವೆ ಮಳೆಗಾಲದಲ್ಲಿ ನೀರು ನಿಲ್ಲುವ ಸ್ಥಳ. ಅದರ ಬಾಯಲ್ಲಿ ನೀರಿನ ಆಳವನ್ನು ತೋರಿಸುವ, ಅಡಿಗಳನ್ನು ಗುರುತಿಸಿದ ಒಂದು ಅಳತೆಗಂಬವನ್ನು ನಿಲ್ಲಿಸುವುದುಂಟು. ದಾಟಬಹುದೇ, ದಾಟಬಾರದೇ ಎಂಬುದನ್ನು ದಾರಿಹೋಕನು ಇನ್ನು ಆ ಕಂಬದ ಗುರುತುಗಳನ್ನು ಓದಿ ತಿಳಿಯಬೇಕು. ಅದರ ಬಣ್ಣವನ್ನು ವರ್ಷವರ್ಷವೂ ಹೊಸದು ಮಾಡುವ ಕೆಲಸ ಯಾರದೆಂಬುದನ್ನು ಮಾರ್ಗ ತೆರೆಯುವ ಮುನ್ನವೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.